ಕಿಟಕಿಗೆ ಗಂಟೆ, ಬೋರ್ಡಿಗೆ ಇಸವಿ

"ಎಂತ ಸಾರ್, ರೋಡ್ ಅಗಲ ಮಾಡ್ಲಿಕ್ಕುಂಟಾ?"

ಉಡುಪಿ ರಥಬೀದಿಯಿಂದ ಒಳಗೆ ಹೋಗುವ ಒಂದು ಓಣಿ, ಅಲ್ಲಿ ಹೆಂಚಿನ ಮಾಡಿನ ಹಳೇ ಅಂಗಡಿ, ಅದರ ಉಪ್ಪರಿಗೆಯ ಕಿಟಕಿಗೆ ಮೊಬೈಲ್ ಹಿಡಿದು ಒಂದು ಕಣ್ಣು ಮುಚ್ಚಿ ನಾನು ಆಚೆ ಈಚೆ ಜರುಗ್ತಾ ಇದ್ದೆ, ಕಿಸೆಯಿಂದ ಅಳತೆ ಟೇಪು ಬೇರೆ ಇಣುಕ್ತಾ ಇತ್ತು. ಅಂಗಡಿಯವರು ಗಾಬರಿ ಬೀಳುದು ಸಹಜವೇ. "ಇಲ್ಲ ಮಾರಾಯ್ರೆ, ನಿಮ್ಮ ಕಿಟಕಿ ಭಾರೀ ಚಂದ ಉಂಟು, ಹಾಗೆ ಒಂದು ಫೋಟೋ" ಅಂದೆ. ಅದನ್ನು ಕೇಳಿ ಅವರ ಸಂಶಯ ಇನ್ನೂ ಜಾಸ್ತಿ ಆಯ್ತು, ಒಳಗಿಂದ ಮಗನನ್ನು ಕರೆದ್ರು. ಮಗನಿಗೆ ನನ್ನ ಮೊಬೈಲಲ್ಲಿದ್ದ ಮಾಡೆಲಿನ ಫೋಟೋ ತೋರಿಸಿದ ಮೇಲೆಯೇ ಬಿಡುಗಡೆ. ಅವನು ನೋಡಿ "ಅಪ್ಪಾ, ಇವ್ರು ಗೊಂಬೆ ಮನೆ ಮಾಡುವವ್ರಂತೆ" ಅಂದ. ಸರಿಯೇ, ತಪ್ಪೆಂತ ಇಲ್ಲ ಅದ್ರಲ್ಲಿ.

ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಹಿಡಿದ ಹುಚ್ಚು ಇದು. ಮನೆಯ ಹಿಂದಿನ ಕೋಣೆಯಲ್ಲಿ ಮೂರು ಅಡಿ ಉದ್ದದ ಪ್ಲೈವುಡ್ ಹಲಗೆ, ಅದರ ಮೇಲೆ ಒಂದು ಬೀದಿ, ಎರಡೂ ಬದಿ ಸೇರಿ 11 ಕಟ್ಟಡ. ಉಡುಪಿಯದ್ದೇ ಬೀದಿ, ಆದ್ರೆ ಯಾವ ಬೀದಿ ಅಂತ ಕೇಳಿದ್ರೆ ಹೇಳ್ಲಿಕ್ಕೆ ಬರುದಿಲ್ಲ, ನಾಲ್ಕೈದು ಓಣಿಯ ಕಟ್ಟಡಗಳನ್ನು ತಂದು ಒಟ್ಟಿಗೆ ನಿಲ್ಲಿಸಿದ್ದೇನೆ. ಸ್ಕೇಲ್ 1:87, ರೈಲು ಮಾಡೆಲ್‌ನವರು ಎಚ್‌ಓ ಅಂತ ಹೇಳುದು. ನನ್ನದ್ರಲ್ಲಿ ರೈಲೇ ಇಲ್ಲ, ಈ ಅಳತೆಯಲ್ಲಿ ಸಣ್ಣ ಮನುಷ್ಯರ ಗೊಂಬೆ, ವಾಹನ ಎಲ್ಲ ಸಿಗ್ತದೆ ಅಂತ ಇದನ್ನೇ ಹಿಡ್ಕೊಂಡೆ, ಮತ್ತೆ ಲೆಕ್ಕವೂ ಸುಲಭ, ಒಂದು ಅಡಿ ಅಂದ್ರೆ 3.5 ಮಿಲಿಮೀಟರ್. ಆರಡಿ ಆಳು ಎರಡು ಸೆಂಟಿಮೀಟರಿಗಿಂತ ಚೂರು ಎತ್ತರ. ಮೂರು ಅಡಿಗೆ ನಾಲ್ಕು ಅಡಿಯ ಕಿಟಕಿ 10.5 ಮಿ.ಮೀ. ಅಗಲ, 14 ಮಿ.ಮೀ. ಎತ್ತರ. ನನ್ನ ಕಿರುಬೆರಳಿನ ಉಗುರಿನಷ್ಟು.

ಅಷ್ಟು ಸಣ್ಣದ್ರಲ್ಲಿ ಚೌಕಟ್ಟು, ರೆಕ್ಕೆ, ಸರಳು ಎಲ್ಲ ಕೈಯಲ್ಲಿ ಮಾಡ್ಲಿಕ್ಕೆ ನನ್ನ ಕಣ್ಣಿಗೂ ಆಗುದಿಲ್ಲ ಕೈಗೂ ಆಗುದಿಲ್ಲ, ಹಾಗಾಗಿ ಪ್ರಿಂಟ್ ಹಾಕಿ ಅಂಟಿಸುದು ಅಂತ ಶುರು ಮಾಡಿದೆ. ಮೊದಲ ಸಲ ಭಾರೀ ಉತ್ಸಾಹದಲ್ಲಿ ಒಳ್ಳೆ ಬಿಸಿಲಿಗೆ ಹೋಗಿ, ಒಳ್ಳೆ ಕ್ಯಾಮರಾದಲ್ಲಿ ನಿಜವಾದ ಕಿಟಕಿಗಳ ಫೋಟೋ ತೆಗ್ದು, ಸಣ್ಣ ಮಾಡಿ, ಗ್ಲಾಸಿ ಪೇಪರಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದೆ. ಮರದ ಗೆರೆ ಸಹ ಕಾಣ್ತಾ ಇತ್ತು ಮಾರಾಯ್ರೆ. ಆದ್ರೆ ಎರಡು ಹೆಜ್ಜೆ ಹಿಂದೆ ಬಂದು ನೋಡಿದ್ರೆ ಗೋಡೆಗೆ ಅಂಚೆ ಸ್ಟಾಂಪ್ ಹಚ್ಚಿದ ಹಾಗೆ. ನಿಜವಾದ ಕಿಟಕಿಯದ್ದೇ ಫೋಟೋ, ಆದ್ರೂ ಸುಳ್ಳು ಕಾಣ್ತದೆ. ಯಾಕೆ ಅಂತ ಗೊತ್ತಾಗ್ಲಿಕ್ಕೆ ಒಂದು ತಿಂಗಳು ಬೇಕಾಯ್ತು, ಗೊತ್ತಾದ ಮೇಲೆ ಇಷ್ಟೇನಾ ಅನಿಸ್ತು.

ಫೋಟೋ ತನ್ನ ಬಿಸಿಲನ್ನು ತಾನೇ ಹೊತ್ಕೊಂಡು ಬರ್ತದೆ. ಒಂದು ಕಿಟಕಿಯನ್ನು ಬೆಳಿಗ್ಗೆ ಹತ್ತು ಗಂಟೆಗೆ ತೆಗ್ದಿದ್ದೆ, ನೆರಳು ಎಡಕ್ಕೆ. ಇನ್ನೊಂದು ಮಧ್ಯಾಹ್ನದ ಮೇಲೆ, ನೆರಳು ಬಲಕ್ಕೆ. ಮತ್ತೊಂದಕ್ಕೆ ಫ್ಲ್ಯಾಶ್ ಬಿದ್ದಿದೆ, ನೆರಳೇ ಇಲ್ಲ. ಇವೆಲ್ಲ ಒಂದೇ ಗೋಡೆಯಲ್ಲಿ ಸಾಲಾಗಿ ನಿಂತ್ರೆ ಆ ಮನೆಯಲ್ಲಿ ಎಷ್ಟು ಗಂಟೆ? ನೋಡುವವನಿಗೆ ನೆರಳು ಎಲ್ಲಿ ತಪ್ಪಿದೆ ಅಂತ ಬೊಟ್ಟು ಮಾಡಿ ಹೇಳ್ಲಿಕ್ಕೆ ಬರುದಿಲ್ಲ, ಆದ್ರೆ ಕಣ್ಣಿಗೆ ಗೊತ್ತಾಗ್ತದೆ. ಕಡೆಗೆ ನನ್ನ ಬೀದಿಗೆ ಒಂದು ಗಂಟೆ ನಿಗದಿ ಮಾಡಿದೆ: ಸಂಜೆ ನಾಲ್ಕು. ಹಲಗೆಯ ಎಡಬದಿ ಪಡುವಣ, ಅಂದ್ರೆ ಕಡಲು, ಅಲ್ಲಿಗೊಂದು ಟೇಬಲ್ ಲ್ಯಾಂಪ್ ಫಿಕ್ಸ್. ಇನ್ನು ಮೇಲೆ ಪ್ರಿಂಟಲ್ಲಿ ನೆರಳು ಇರ್ಬಾರ್ದು, ನೆರಳು ಬೀಳಿಸುದು ಲ್ಯಾಂಪಿನ ಕೆಲಸ. ಇದಕ್ಕೆ ನಮ್ಮ ಮಳೆಗಾಲದಷ್ಟು ಒಳ್ಳೆ ಕಾಲ ಇಲ್ಲ. ಜುಲೈಯಲ್ಲಿ ಮಳೆ ಬಿಟ್ಟ ಅರ್ಧ ಗಂಟೆ, ಆಕಾಶ ಇಡೀ ಬೂದಿ ಬಣ್ಣ, ಬೆಳಕು ಎಲ್ಲ ಬದಿಯಿಂದ್ಲೂ ಒಂದೇ ಹದ, ಆಗ ತೆಗ್ದ ಕಿಟಕಿಗೆ ನೆರಳೇ ಇರುದಿಲ್ಲ. ಓಣಿ ಸಣ್ಣದಾಗಿ ಹಿಂದೆ ಹೋಗ್ಲಿಕ್ಕೆ ಜಾಗ ಇಲ್ದೆ, ಕೆಳಗೆ ನಿಂತು ಮೇಲೆ ತೆಗ್ದ ಕಿಟಕಿ ತಲೆ ಬದಿ ಸಪೂರ ಆಗ್ತದೆ, ಅದನ್ನು ಗಿಂಪ್ ಅಂತ ಫೋಟೋ ತಿದ್ದುವ ಸಾಫ್ಟ್‌ವೇರಲ್ಲಿ ನಾಲ್ಕು ಮೂಲೆ ಎಳೆದು ಚೌಕ ಮಾಡ್ಲಿಕ್ಕಾಗ್ತದೆ. ಕೊಡೆ ಹಿಡಿದು ಕಿಟಕಿ ನೋಡುವವನನ್ನು ಜನ ಹೇಗೆ ನೋಡ್ತಾರೆ ಅನ್ನುದು ಆಗ್ಲೇ ಹೇಳಿ ಆಯ್ತಲ್ಲ.

ನೆರಳು ತೆಗೆದ ಮೇಲೂ ಚಪ್ಪಟೆ. ಆಗ ಹೊಳೆದದ್ದು ಗೋಡೆಯ ದಪ್ಪ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಉಂಟಲ್ಲ, ಬೇರೆ ಬೇರೆ ಊರಿನ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು, ಅಲ್ಲಿಗೆ ಹೋಗಿ ಬೇರೆಯವರೆಲ್ಲ ಕೆತ್ತನೆ ನೋಡ್ತಾ ಇದ್ರೆ ನಾನು ಕಿಟಕಿ ಗೋಡೆಯೊಳಗೆ ಎಷ್ಟು ಹಿಂದೆ ಕೂತಿದೆ ಅಂತ ನೋಡ್ತಾ ಇದ್ದೆ. ನಮ್ಮ ಕಡೆಯ ಮುರಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಅಂತ ಇಟ್ಕೊಳ್ಳಿ, ಅದು ನನ್ನ ಲೆಕ್ಕದಲ್ಲಿ 5 ಮಿ.ಮೀ. ದಾಟ್ತದೆ. ನಾನು ಎಂತ ಮಾಡಿದ್ದೆ? ಕಿಟಕಿಯನ್ನು ಗೋಡೆಯ ಹೊರಮೈಗೆ ಹಚ್ಚಿದ್ದೆ! ಈಗ ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆಯ ಗೋಡೆಯಲ್ಲಿ ತೂತು ಕೊರೆದು, ಒಳಬದಿಯ ಅಂಚಿಗೆ ಸುಣ್ಣದ ಬಣ್ಣ ಕೊಟ್ಟು, ಪ್ರಿಂಟ್ ಮಾಡಿದ ಕಿಟಕಿಯನ್ನು ಹಿಂದಿನಿಂದ ಅಂಟಿಸ್ತೇನೆ. ಮೇಲೆ ಕಾರ್ಡಿನದ್ದು ಒಂದು ಸಣ್ಣ ಬಿಸಿಲು ತಡೆ. ಲ್ಯಾಂಪ್ ಹಾಕಿದ ಕೂಡ್ಲೆ ಅದರದ್ದೇ ನೆರಳು ಕಿಟಕಿಯ ಮೇಲೆ ಓರೆಯಾಗಿ ಬಿತ್ತು, ನಾನು ಹೆಂಡತಿಯನ್ನು ಕೂಗಿದೆ, ಅವಳು ಒಲೆಯಲ್ಲಿ ಸಾಂಬಾರು ಉಂಟು ಅಂತ ಬರ್ಲಿಲ್ಲ.

ಮತ್ತೆ ಕಿಟಕಿಯ ಒಳಗೆ ಎಂತ ಅನ್ನುವ ಪ್ರಶ್ನೆ. ಹಳೇ ಬೀದಿಯ ಕಿಟಕಿಗಳಲ್ಲಿ ಹೆಚ್ಚಿನದ್ದಕ್ಕೆ ಗಾಜೇ ಇಲ್ಲ, ಸರಳು ಮತ್ತೆ ಮರದ ರೆಕ್ಕೆ. ಹಗಲು ಹೊತ್ತು ಹೊರಗಿಂದ ನೋಡಿದ್ರೆ ಒಳಗೆ ಕತ್ತಲೆ. ಆದ್ರೆ ಆ ಕತ್ತಲೆ ಕಪ್ಪಲ್ಲ, ಇದು ನಾನು ಎಷ್ಟು ಸಲ ನೋಡಿ ಕಲ್ತದ್ದು. ಕಂದು ಬಣ್ಣಕ್ಕೆ ಚೂರು ನೀಲಿ ಸೇರಿದ ಹಾಗೆ ಇರ್ತದೆ. ಪ್ರಿಂಟರಿನ ಶುದ್ಧ ಕಪ್ಪು ಹಾಕಿದ್ರೆ ಮನೆ ಬೆಂಕಿ ಬಿದ್ದು ಸುಟ್ಟ ಹಾಗೆ ಕಾಣ್ತದೆ.

ನಿಜವಾದ ಕೋಣೆಯ ಫೋಟೋವನ್ನೇ ಹಿಂದೆ ಇಡುವ ಅಂತ ಸಹ ನೋಡಿದೆ. ಅದರಲ್ಲೊಂದು ತಮಾಷೆ ಉಂಟು. ಬೀದಿಯಲ್ಲಿ ನಿಂತವನಿಗೆ ಉಪ್ಪರಿಗೆ ಕಿಟಕಿಯಲ್ಲಿ ಕಾಣುದು ಪಕ್ಕಾಸು, ರೀಪು, ಹೆಂಚಿನ ಒಳಮೈ. ಮಾಡೆಲ್ ನೋಡುವವನು ನಿಂತದ್ದು ಆಕಾಶದಲ್ಲಿ, ಅವನಿಗೆ ಅದೇ ಕಿಟಕಿಯಲ್ಲಿ ಕಾಣ್ಬೇಕಾದ್ದು ನೆಲ. ನೆಲದಿಂದ ತೆಗ್ದ ಫೋಟೋ ಹಾಕಿ ಮೇಲಿಂದ ನೋಡಿದ್ರೆ ಮನೆ ಮಗುಚಿ ಬಿದ್ದ ಹಾಗೆ ಆಗ್ತದೆ. ಹಾಗಾಗಿ ಈಗ ಕತ್ತಲೆ, ಆ ಕತ್ತಲೆಯ ಕೆಳಬದಿಗೆ ಕೆಂಪು ನೆಲಕ್ಕೆ ಬೆಳಕು ಬಿದ್ದ ಒಂದು ಮಸುಕು, ಕೆಲವು ಕಡೆ ಗೋಡೆಯಲ್ಲೊಂದು ಕ್ಯಾಲೆಂಡರಿನ ಬಿಳಿ ಚೌಕ. ಅಷ್ಟೇ. ಕೃಷ್ಣಮಠದಲ್ಲಿ ಒಂಬತ್ತು ತೂತಿನ ಕಿಂಡಿಯಲ್ಲಿ ಬಗ್ಗಿ ನೋಡ್ತೇವಲ್ಲ, ಆಗ ಕಿಂಡಿ ಹೇಗಿತ್ತು ಅಂತ ಹೊರಗೆ ಬಂದ ಮೇಲೆ ಎಷ್ಟು ಜನಕ್ಕೆ ನೆನಪಿರ್ತದೆ? ಒಳಗಿನ ಎರಡು ದೀಪ ನೆನಪಿರ್ತದೆ. (ಅದನ್ನೂ ಒಂದು ಮಾಡು ಅಂತ ಅಕ್ಕ ಹೇಳಿದ್ಳು. ನನ್ನ ಅಳತೆಯಲ್ಲಿ ಆ ಒಂಬತ್ತು ತೂತು ಒಂದು ಶಾಯಿ ಚುಕ್ಕೆ ಆಗ್ತದೆ, ದೇವರಿಗೆ ಅಷ್ಟು ಸಸಾರ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.)

ಸರಳು ದೊಡ್ಡ ತಲೆನೋವು. ಅರ್ಧ ಇಂಚಿನ ಸರಳು ಇಲ್ಲಿ 0.15 ಮಿ.ಮೀ. ಆಗ್ತದೆ. 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕೆಯ ಪ್ರಿಂಟಲ್ಲಿ ಅದಕ್ಕೆ ಎರಡು ಚುಕ್ಕೆ ಸಹ ಇಲ್ಲ, ಬರೀ ಬೂದು ಬಣ್ಣದ ಮಸಿ. 600ರಲ್ಲಿ ಮೂರು ಚುಕ್ಕೆಗಿಂತ ಚೂರು ಜಾಸ್ತಿ, ಗೆರೆ ಅಂತ ಹೇಳ್ಬಹುದು. ಹಾಗಾಗಿ ಸರಳನ್ನು ಓಎಚ್‌ಪಿ ಶೀಟ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಲೇಸರ್ ಪ್ರಿಂಟ್. ಚೌಕಟ್ಟಿಗೆ ಆ ಉಪಾಯ ನಡೆಯುದಿಲ್ಲ, ಯಾಕೆಂದ್ರೆ ನಮ್ಮ ಪ್ರಿಂಟರಲ್ಲಿ ಬಿಳಿ ಅಂತ ಒಂದು ಬಣ್ಣವೇ ಇಲ್ಲ, ಪೇಪರಿನ ಬಿಳಿಯೇ ಬಿಳಿ, ಪಾರದರ್ಶಕ ಶೀಟಲ್ಲಿ ಬಿಳಿ ಚೌಕಟ್ಟು ಪ್ರಿಂಟ್ ಹಾಕಿದ್ರೆ ಎಂತದೂ ಬರುದಿಲ್ಲ, ತಿಳಿಹಸಿರು ಹಾಕಿದ್ರೆ ಹೊಗೆಯ ಹಾಗೆ ಬರ್ತದೆ. ಚೌಕಟ್ಟನ್ನು ಸ್ಟಿಕ್ಕರ್ ಶೀಟಲ್ಲಿ ಪ್ರಿಂಟ್ ಹಾಕಿ, ಹೊಸ ಬ್ಲೇಡಲ್ಲಿ ಕೊಯ್ದು, ಓಎಚ್‌ಪಿ ಶೀಟಿನ ಮೇಲೆ ಅಂಟಿಸುದು. ಕತ್ತಲೆ ಅದರ ಹಿಂದೆ ಒಂದು ಮಿಲಿಮೀಟರ್ ಬಿಟ್ಟು. ಒಂದು ಕಿಟಕಿಗೆ ಮೂರು ಪದರ, ಒಂದು ಸಂಜೆಗೆ ನಾಲ್ಕು ಕಿಟಕಿ.

ಪ್ರಿಂಟ್ ಅಂಗಡಿಯ ಕಥೆ ಹೇಳದಿದ್ರೆ ಆಗುದಿಲ್ಲ. ಒಮ್ಮೆ ಇಡೀ ಒಂದು ಕಟ್ಟಡದ ಮುಖ, ಬಾಗಿಲು, ಕಿಟಕಿ ಎಲ್ಲ ಪೆನ್‌ಡ್ರೈವಲ್ಲಿ ಕೊಟ್ಟೆ. ಅಲ್ಲಿದ್ದ ಹುಡುಗ ಪುಟಕ್ಕೆ ಸರಿಯಾಗಿ ಕೂರ್ಲಿ ಅಂತ ತಾನೇ ಉಪಕಾರ ಮಾಡಿ ನೂರಕ್ಕೆ 97ಕ್ಕೆ ಇಳಿಸಿಬಿಟ್ಟಿದ್ದಾನೆ. ಕಣ್ಣಿಗೆ ಗೊತ್ತೇ ಆಗುದಿಲ್ಲ. ಮನೆಗೆ ತಂದು 15 ಸೆಂಟಿಮೀಟರ್ ಗೋಡೆಗೆ ಇಟ್ಟು ನೋಡಿದ್ರೆ ನಾಲ್ಕೂವರೆ ಮಿಲಿಮೀಟರ್ ಕಡಿಮೆ, ಅಂದ್ರೆ ನನ್ನ ಊರಿನ ಲೆಕ್ಕದಲ್ಲಿ ಒಂದು ಅಡಿಗಿಂತ ಹೆಚ್ಚು ಗೋಡೆಯೇ ನಾಪತ್ತೆ. ಆವತ್ತಿಂದ ಪ್ರತಿ ಶೀಟಿನ ಮೂಲೆಗೆ 100 ಮಿ.ಮೀ. ಉದ್ದದ ಒಂದು ಗೆರೆ ಹಾಕ್ತೇನೆ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆದು ಮತ್ತೆ ದುಡ್ಡು ಕೊಡುದು. ಹುಡುಗನಿಗೆ ನಾನು ತಲೆ ಸರಿ ಇಲ್ಲದವ.

ಕಿಟಕಿಗೆ ಗಂಟೆ ಸಿಕ್ಕಿತು. ಬೋರ್ಡ್ ಮಾಡ್ಲಿಕ್ಕೆ ಕೂತಾಗ ಇಸವಿ ಬೇಕಾಯ್ತು. ಹೆಂಚು, ಗೋಡೆ, ಕಿಟಕಿ ನೋಡಿ ಈ ಬೀದಿ ಯಾವಾಗಿನದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನೂರು ವರ್ಷಕ್ಕೂ ಮಿಕ್ಕಿ ನಮ್ಮ ಮಾಡು ಒಂದೇ ರೀತಿ. ಒಂದು ಬೋರ್ಡ್ ನೇತು ಹಾಕಿ ನೋಡಿ, ಸಿಕ್ಕಿಬಿದ್ದಿರಿ. ವಿಳಾಸದಲ್ಲಿ "ಉಡುಪಿ, ದ.ಕ." ಅಂತ ಇದ್ರೆ ಅದು ಆಗಸ್ಟ್ 1997ಕ್ಕಿಂತ ಹಿಂದಿನದ್ದು, ಮತ್ತೆ ಉಡುಪಿಯೇ ಜಿಲ್ಲೆ ಆಯ್ತಲ್ಲ. ಪಿನ್‌ಕೋಡ್ ಬರೆದಿದ್ರೆ 1972ರ ಮೇಲಿನದ್ದು. ಹಳದಿಗೆ ಕಪ್ಪು ಅಕ್ಷರದ ಎಸ್‌ಟಿಡಿ ಬೂತ್ ಬೋರ್ಡ್ ಇದ್ರೆ ಎಂಬತ್ತರ ದಶಕದ ಕಡೆಯಿಂದ ಈಚೆಗೆ, ಮೊಬೈಲ್ ಬಂದು ಅದನ್ನು ನುಂಗುವ ತನಕ. ಫ್ಲೆಕ್ಸ್ ಇದ್ರೆ ನನಗೆ ಬೇಡವೇ ಬೇಡ. ನಾನು 1994 ಅಂತ ಇಟ್ಕೊಂಡೆ, ಅಕ್ಟೋಬರ್, ಮಳೆ ಬಿಟ್ಟು ಗೋಡೆಯ ಪಾಚಿ ಒಣಗ್ತಾ ಇರುವ ಸಮಯ.

ಆದ್ರೆ 1994ರ ಬೀದಿಯಲ್ಲಿ ಎಲ್ಲ ಬೋರ್ಡೂ 1994ರದ್ದು ಆಗಿರುದಿಲ್ಲ. ಇದು ನಾನು ಮೊದಲು ಮಾಡಿದ ತಪ್ಪು, ಎಲ್ಲ ಅಂಗಡಿಗೂ ಒಂದೇ ದಿನ ಉದ್ಘಾಟನೆ ಆದ ಹಾಗೆ ಕಾಣ್ತಾ ಇತ್ತು. ಗೋಲ್ಡ್ ಸ್ಪಾಟನ್ನು 1993ರಲ್ಲಿ ಪಾರ್ಲೆಯವರು ಥಮ್ಸ್ ಅಪ್, ಲಿಮ್ಕಾದ ಒಟ್ಟಿಗೆ ಕೋಕಾ ಕೋಲಾಕ್ಕೆ ಮಾರಿದ್ರು, ಹಾಗಂತ ಸೋಡಾ ಶರ್ಬತ್ತಿನ ಅಂಗಡಿಯವರು ಮರುದಿನವೇ ಏಣಿ ಇಟ್ಟು ತಗಡು ಇಳಿಸ್ತಾರಾ? ಅದು ತುಕ್ಕು ಹಿಡಿದು ತಾನೇ ಬೀಳುವ ತನಕ ಅಲ್ಲೇ. ಹಾಗಾಗಿ ನನ್ನ ಬೀದಿಯಲ್ಲಿ ಮಾಸಿದ ಗೋಲ್ಡ್ ಸ್ಪಾಟ್ ಉಂಟು, ಅದರ ಪಕ್ಕ ಹೊಸ ಹಳದಿ ಎಸ್‌ಟಿಡಿ ಉಂಟು, ದಿನಸಿ ಅಂಗಡಿಯ ಹಲಗೆ ಬಾಗಿಲಲ್ಲಿ ಒಂದರಿಂದ ಒಂಬತ್ತರ ತನಕ ನಂಬ್ರ ಉಂಟು, ಏಳನೆಯ ಹಲಗೆ ಕಾಣೆ. ಗೋಡೆಯಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್ ಒಂದರ ಮೇಲೆ ಒಂದು, ಮೇಲಿನದ್ದು ಹರಿದು ಕೆಳಗಿನದ್ದು ಅರ್ಧ ಕಾಣುವ ಹಾಗೆ.

ಬ್ಯಾಂಕಿನ ಬೋರ್ಡ್ ಮಾತ್ರ ಸುಮ್ನೆ ಮಾಡ್ಲಿಕ್ಕೆ ಆಗ್ಲಿಲ್ಲ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಎರಡೂ 2020ರ ಏಪ್ರಿಲ್ ಒಂದಕ್ಕೆ ಬೇರೆ ಬ್ಯಾಂಕಲ್ಲಿ ಸೇರಿ ಹೋದವು, ಮಂಗಳೂರಿನ ವಿಜಯಾ ಬ್ಯಾಂಕ್ ಅದರ ಹಿಂದಿನ ವರ್ಷವೇ. ಆ 2020ರದ್ದು ಲಾಕ್‌ಡೌನ್ ಸಮಯ, ಬೀದಿಯಲ್ಲಿ ಜನ ಇರ್ಲಿಲ್ಲ. ನಮ್ಮ ಬ್ಯಾಂಕಿನದ್ದು ನಾನು ಎಷ್ಟೋ ವರ್ಷ ಅಡಿಯಿಂದ ಒಳಗೆ ಹೋಗಿ ಹೊರಗೆ ಬಂದ ಬೋರ್ಡು. ಅದರಲ್ಲಿ ಅಕ್ಷರ ಹೇಗಿತ್ತು ಅಂತ ನೆನಪು ಮಾಡ್ಲಿಕ್ಕೆ ಹೋದ್ರೆ ಬಣ್ಣ ಬಿಟ್ರೆ ಬೇರೆಂತ ನೆನಪಿಲ್ಲ! ಕನ್ನಡ ಮೇಲೆ, ಹಿಂದಿ ಮಧ್ಯ, ಇಂಗ್ಲಿಷ್ ಕೆಳಗೆ, ಅದು ಗೊತ್ತುಂಟು. ಕಡೆಗೆ ಒಂದು ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ನಮ್ಮೆಲ್ಲರ ತಲೆಯ ಮೇಲೆ ಅರ್ಧ ಬೋರ್ಡ್ ಸಿಕ್ಕಿತು, ಉಳಿದರ್ಧ ಅಂದಾಜಿಗೆ.

ಅಕ್ಷರ ಅಂತ ಬಂದಾಗ ಕನ್ನಡಕ್ಕೆ ಒಂದು ಬೇರೆಯೇ ಸಂಕಟ. ಆರು ಇಂಚಿನ ಅಕ್ಷರ ನನ್ನಲ್ಲಿ ಎರಡು ಮಿಲಿಮೀಟರ್ ಸಹ ಇಲ್ಲ, ಅದರೊಳಗೇ ತಲೆಕಟ್ಟು, ಗುಣಿಸು, ಒತ್ತು ಎಲ್ಲ ಹಿಡಿಸ್ಬೇಕು. ಮ ಮತ್ತು ವು ಒಂದೇ ಆಗ್ತದೆ. ಪ ಮತ್ತು ಷ ಒಂದೇ ಆಗ್ತದೆ. ಭದ ಕಾಲು ಹೋಗಿ ಬ ಆಗ್ತದೆ, ಉಡುಪಿಯಲ್ಲಿ ಹೋಟ್ಲಿನ ಹೆಸರಿನ ಕಡೆಗೆ "ಭವನ" ಬಾರದಿದ್ರೆ ಆಗ್ತದಾ, ನನ್ನ ಎಲ್ಲ ಹೋಟ್ಲೂ ಬವನ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಈ ತಾಪತ್ರಯವೇ ಇಲ್ಲ, ಬರೀ ಕಡ್ಡಿ. ಈಗ ಬೋರ್ಡಲ್ಲಿ ನೂರಕ್ಕೆ 60 ಕನ್ನಡ ಇರ್ಬೇಕು ಅಂತ ಕಾನೂನು ಉಂಟಲ್ಲ, ನನ್ನ ಬೀದಿಯಲ್ಲಿ ಅದಕ್ಕೂ ಹೆಚ್ಚೇ ಉಂಟು, ಓದ್ಲಿಕ್ಕೆ ಆಗುದಿಲ್ಲ ಅಷ್ಟೇ.

ಅದು ಹೇಗೋ ಸುಧಾರಿಸ್ಬಹುದು, ಆದ್ರೆ ಕಂಪ್ಯೂಟರ್ ಫಾಂಟ್ ಹಾಕಿದ ಬೋರ್ಡ್ 1994ರಲ್ಲಿ ಕೂರುವುದೇ ಇಲ್ಲ. ನುಡಿ, ಬರಹ ಯಾವುದು ಹಾಕಿದ್ರೂ ಸರಕಾರಿ ಸುತ್ತೋಲೆಯ ಹಾಗೆ ಕಾಣ್ತದೆ. ಕಡೆಗೆ ಮೊದಲು ಬೋರ್ಡ್ ಬರೀತಾ ಇದ್ದ ಒಬ್ಬರು ಆರ್ಟಿಸ್ಟರನ್ನು ಹುಡುಕಿದೆ. ಫ್ಲೆಕ್ಸ್ ಬಂದ ಮೇಲೆ ಅವರು ಬರೆಯುದು ದೇವಸ್ಥಾನದ ಗೋಡೆ, ದೋಣಿಯ ಹೆಸರು ಮಾತ್ರ. ಎ4 ಹಾಳೆಯಲ್ಲಿ ಐದು ಬೋರ್ಡ್ ಬರೆದು ಕೊಡಿ, ನಾನು ಸ್ಕ್ಯಾನ್ ಮಾಡಿ ಸಣ್ಣ ಮಾಡ್ತೇನೆ ಅಂದೆ. ನಕ್ಕರು. "ಸಾರ್, ದೊಡ್ಡದು ಬರೆಯಿರಿ ಅಂತ ಎಲ್ಲರೂ ಬರ್ತಿದ್ರು, ಸಣ್ಣ ಮಾಡ್ಲಿಕ್ಕೆ ಬಂದದ್ದು ನೀವೊಬ್ರೇ."

ಅವರು ಬರೆಯುದನ್ನು ನೋಡ್ಬೇಕಿತ್ತು. "ಊಟ ತಯಾರಿದೆ" ಅಂತ ಶುರು ಮಾಡಿ ಕಡೆಗೆ ಬರುವಾಗ ಜಾಗ ಸಾಕಾಗದೆ "ದೆ" ಸಣ್ಣ ಆಗಿ ಅಂಚಿಗೆ ಒತ್ತಿಕೊಂಡಿತು. ನಾನು ಬೇರೆ ಹಾಳೆ ಕೊಡ್ಲಿಕ್ಕೆ ಹೋದೆ. "ಇರ್ಲಿ ಸಾರ್, ಬೋರ್ಡ್ ಅಂದ್ರೆ ಹಾಗೆಯೇ, ತಗಡು ಗಿರಾಕಿಯದ್ದು, ಹೆಸರು ಉದ್ದ ಇಡುದು ಅವರ ಅಪ್ಪ ಅಮ್ಮ, ನಾವು ಹೊಂದಿಸ್ಬೇಕು" ಅಂದ್ರು. ಆ ಒತ್ತಿಕೊಂಡ "ದೆ" ಈಗ ನನ್ನ ಇಡೀ ಬೀದಿಯಲ್ಲಿ ಅತಿ ನಿಜವಾದ ವಸ್ತು. ಇನ್ನೊಂದು ಎಂತದ್ದಂದ್ರೆ, ಕೆಂಪು ಅಕ್ಷರಕ್ಕೆ ಅವರು ಕಪ್ಪು ಶೇಡ್ ಕೊಟ್ಟದ್ದು ಎಡಕ್ಕೆ. ನನ್ನ ಲ್ಯಾಂಪ್ ಇರುದೇ ಎಡಕ್ಕೆ! ನೆರಳಿಗೋಸ್ಕರ ಅಷ್ಟೆಲ್ಲ ತಲೆ ಕೆಡಿಸಿಕೊಂಡವ ನಾನು, ಇದು ಉಲ್ಟಾ ಆಯ್ತಲ್ಲ ಅಂತ ಮನೆಗೆ ಬಂದು ಹಚ್ಚಿ ನೋಡ್ತೇನೆ, ಎಂತ ತೊಂದರೆಯೂ ಇಲ್ಲ. ಮತ್ತೆ ಆಲೋಚನೆ ಮಾಡಿದೆ, ಬೀದಿಯಲ್ಲಿ ಯಾವ ಬೋರ್ಡ್ ಸೂರ್ಯನನ್ನು ಕೇಳಿ ಶೇಡ್ ಹಾಕಿದೆ? ಬರೆದವನ ಕೈ ಯಾವ ಬದಿಗೆ ಅಭ್ಯಾಸವೋ ಆ ಬದಿಗೆ. ಅದು ನೆರಳಲ್ಲ, ಅಕ್ಷರದ್ದೇ ಒಂದು ಅಂಗ.

1843ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಶನ್‌ನ ಪಾದ್ರಿ ಮೋಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದ್ದು. ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದ ಅಕ್ಷರವನ್ನೇ ಕಲ್ಲಿಗೆ ಇಳಿಸಿ ಒತ್ತಿದ್ದು. ಸ್ಕ್ಯಾನರಿನ ಎದುರು ಆ ಐದು ಹಾಳೆ ಹಿಡ್ಕೊಂಡು ನಿಂತಾಗ ನಾನು ಮಾಡ್ತಾ ಇರುದೂ ಹೆಚ್ಚು ಕಡಿಮೆ ಅದೇ ಅಂತ ಎಣಿಸಿ ಚೂರು ಹೆಮ್ಮೆ ಆಯ್ತು.

ಪ್ರಿಂಟ್ ಆದ ಮೇಲೆ ಹಾಳು ಮಾಡುವ ಕೆಲಸ ಇರ್ತದೆ, ಅದು ನನಗೆ ಭಾರೀ ಇಷ್ಟ. ಬಣ್ಣವನ್ನು ಕಂಪ್ಯೂಟರಲ್ಲೇ ಚೂರು ಮಂಕು ಮಾಡಿರ್ತೇನೆ, ದೂರದ ವಸ್ತು ಯಾವತ್ತೂ ಅಷ್ಟು ಕೆಂಪಾಗಿ ಅಷ್ಟು ಬಿಳಿಯಾಗಿ ಕಾಣುದಿಲ್ಲ. ಗೋಡೆ ಬರಹ ಆದ್ರೆ ಪೇಪರಿನ ಹಿಂಬದಿಯನ್ನು ಸ್ಯಾಂಡ್ ಪೇಪರಲ್ಲಿ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಯಷ್ಟು ತೆಳು ಮಾಡಿ, ನೀರು ಸೇರಿಸಿದ ಫೆವಿಕಾಲಲ್ಲಿ ಕೂರಿಸಿದ್ರೆ ಸಾರಣೆಯ ತರಿತರಿ ಅದರ ಮೂಲಕ ಎದ್ದು ಕಾಣ್ತದೆ, ಬೀಡಿ ಜಾಹೀರಾತು ನಿಜವಾಗಿಯೂ ಗೋಡೆಗೇ ಬರೆದ ಹಾಗೆ. ತಗಡಿನ ಬೋರ್ಡಾದ್ರೆ ಕೊಯ್ದ ಅಂಚಿನ ಬಿಳಿಯನ್ನು ಸ್ಕೆಚ್ ಪೆನ್ನಲ್ಲಿ ಮುಚ್ಚಿ, ಮೊಳೆ ಹೊಡೆದ ಜಾಗದಿಂದ ತುಕ್ಕು ಇಳಿದ ಒಂದೊಂದು ಗೆರೆ. ಮತ್ತೆ ಮ್ಯಾಟ್ ವಾರ್ನಿಶ್, ಎದುರಿಗೂ ಹಿಂದಕ್ಕೂ. ಹಿಂದಕ್ಕೆ ಯಾಕೆ ಅಂದ್ರೆ ಮೊದಲ ವರ್ಷ ಬಿಟ್ಟಿದ್ದೆ, ಆಗಸ್ಟಿಗಾಗುವಾಗ ಬೋರ್ಡುಗಳೆಲ್ಲ ಹಪ್ಪಳದ ಹಾಗೆ ಬಾಗಿ, ಇಂಕ್‌ಜೆಟ್ ಶಾಯಿ ಒಸರಿ, ಹೋಟ್ಲಿನ ಹೆಸರಿನ ಮೇಲೆ ಬೂಸ್ಟು. ಈಗ ಜೂನಿಂದ ಸೆಪ್ಟೆಂಬರ್ ತನಕ ಬೀದಿ ಇಡೀ ಕಪಾಟಿನೊಳಗೆ, ಒಂದು 40 ವ್ಯಾಟಿನ ಬಲ್ಬ್ ಉರಿಸಿ. ಕರೆಂಟ್ ಬಿಲ್ ಬಗ್ಗೆ ಮನೆಯಲ್ಲಿ ಮಾತಾಡುದಿಲ್ಲ ನಾವು.

ಹೋದ ವಾರ ನನ್ನ ಒಟ್ಟಿಗೆ ಕೆಲಸ ಮಾಡಿದ ಮೇಡಂ ಒಬ್ಬರು ಮನೆಗೆ ಬಂದಿದ್ರು. ಬ್ಯಾಂಕಿನ ಕಟ್ಟಡದ ಎದುರು ಕನ್ನಡಕ ಏರಿಸಿ ಬಗ್ಗಿದ್ರು, ಬೋರ್ಡಿನ ಬಗ್ಗೆ ಏನಾದ್ರೂ ಹೇಳ್ತಾರೆ ಅಂತ ನಾನು ಕಾದದ್ದೇ ಕಾದದ್ದು. ಅವರು ನೋಡಿದ್ದು ಉಪ್ಪರಿಗೆಯ ಬಲಬದಿಯ ಕಿಟಕಿ.

"ಇದು ತೆರೆದಿರ್ತಿತ್ತಾ? ಇದು ನಮ್ಮ ರೆಕಾರ್ಡ್ ರೂಮ್ ಅಲ್ವಾ ಸಾರ್, ಒಳಗಿಂದ ಲೆಡ್ಜರ್ ಪೇರಿಸಿ ಪೇರಿಸಿ ಒಂದು ರೆಕ್ಕೆ ತೆಗೀಲಿಕ್ಕೇ ಆಗ್ತಿರ್ಲಿಲ್ಲ. ನಾನು ಸೇರಿದ ದಿವಸದಿಂದ ಅದು ಹಾಗೆಯೇ."

ಹೌದಲ್ಲ. ಎಡದ ರೆಕ್ಕೆ ಮುಚ್ಚಿ, ಬಲದ್ದು ಚೂರು ಬಿರುಕು ಬಿಟ್ಟು, ಆ ಬಿರುಕಲ್ಲಿ ಲೆಡ್ಜರಿನ ಕೆಂಪು ಬೆನ್ನು. ಅವರು ಚಾ ಕುಡಿದು ಹೋದ ಮೇಲೆ ಬ್ಲೇಡ್ ಹಾಕಿ ಹಳೇ ಕಿಟಕಿ ಬಿಡಿಸಿ ತೆಗ್ದೆ. ಹೊಸದು ಬರೆದು ಇಟ್ಟಿದ್ದೇನೆ, 10.5ಕ್ಕೆ 14. ನಾಳೆ ಪ್ರಿಂಟ್ ಹಾಕಿಸ್ಲಿಕ್ಕೆ ಹೋಗ್ಬೇಕು, ಆ ಹುಡುಗನಿಗೆ ಕೊಡ್ಲಿಕ್ಕೆ ಚೀಟಿಯಲ್ಲಿ ದೊಡ್ಡಕ್ಕೆ ನೂರು ಪರ್ಸೆಂಟ್ ಅಂತ ಬರೆದು ಪೆನ್‌ಡ್ರೈವಿಗೆ ರಬ್ಬರ್ ಹಾಕಿ ಕಟ್ಟಿದ್ದೇನೆ.